ಟೋಪಿ ಹಾಕದ ಮನುಷ್ಯ

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ತಲೆ. ಮುಖವೆಲ್ಲ ಆಮೇಲೆ. ನುಣ್ಣಗೆ ಬೋಳಾಗಿ, ಬಿಸಿಲಿಗೆ ಹುರಿದ ಕಡಲೆಕಾಯಿ ಬಣ್ಣಕ್ಕೆ ತಿರುಗಿದ ತಲೆ. ಬೇಸಿಗೆಯಲ್ಲಿ ಅದರ ಮೇಲೆ ಸಿಪ್ಪೆ ಏಳುತ್ತಿತ್ತು. ಚಳಿಗಾಲದಲ್ಲಿ ಹಿಮ ಬಿದ್ದರೆ ಹೆಗಲ ಮೇಲಿನ ಟವೆಲ್ಲಿನಿಂದ ಒಮ್ಮೆ ಒರೆಸಿಕೊಂಡು ಮತ್ತೆ ಅಂಗಳ ಗುಡಿಸುತ್ತಿದ್ದರು. ಹೋದ ವಾರ ಉಡಾನ್ ನೂಡಲ್ಸ್ ಅಂಗಡಿಯಾಕೆ ಫೋನ್ ಮಾಡಿ, ತೆಂಚೋ-ಸಾನ್ ತೀರಿಕೊಂಡರು ಎಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಗಲೂ ಕಣ್ಣಿಗೆ ಬಂದದ್ದು ಆ ತಲೆಯೇ.

ತೆಂಚೋ ಎಂದರೆ ಅಂಗಡಿಯ ಯಜಮಾನ. ಅವರದು ಅಂಗಡಿಯೇನಲ್ಲ, ಬ್ಯಾಟಿಂಗ್ ಸೆಂಟರ್. ನಗೋಯಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೆನ್ನಿಗೇ ಇತ್ತು. ದೊಡ್ಡ ಹಸಿರು ಬಲೆ ಕಟ್ಟಿದ ಜಾಗ. ಆ ತುದಿಯಲ್ಲಿ ಚೆಂಡೆಸೆಯುವ ಯಂತ್ರಗಳ ಸಾಲು, ಈ ತುದಿಯಲ್ಲಿ ಬ್ಯಾಟ್ ಹಿಡಿದ ಗಿರಾಕಿ. ನಾಣ್ಯ ಹಾಕಿದರೆ ಯಂತ್ರ ಎಸೆಯುತ್ತೆ, ಇವರು ಹೊಡೀತಾರೆ. ಆಫೀಸು ಬಿಟ್ಟು ಬರುವ ಗಂಡಸರು ಟೈ ಸಡಿಲಿಸಿಕೊಂಡು ಬಾಸ್ ಮೇಲಿನ ಸಿಟ್ಟನ್ನೆಲ್ಲ ಆ ಚೆಂಡುಗಳ ಮೇಲೆ ತೀರಿಸಿಕೊಂಡು ಮನೆಗೆ ಹೋಗುತ್ತಿದ್ದರು. ನನ್ನ ಮಗಳು ನಿಧಿ ಅವರನ್ನು ಬ್ಯಾಟಿಂಗ್ ತಾತ ಅನ್ನುತ್ತಿದ್ದಳು. ಮನೆಯಲ್ಲಿ ನಮ್ಮೆಲ್ಲರ ಬಾಯಿಗೂ ಅದೇ ಹೆಸರು ಕೂತಿತ್ತು.

ಈ ದೇಶದಲ್ಲಿ ಟೋಪಿ ಇಲ್ಲದವರು ಯಾರಿದ್ದಾರೆ ಹೇಳಿ. ರೈಲಿನ ಗಾರ್ಡಿಗೆ ಟೋಪಿ, ಶಿಶುವಿಹಾರದ ಮಕ್ಕಳಿಗೆ ಹಳದಿ ಟೋಪಿ, ಕಾರ್ಖಾನೆಯವರಿಗೆ ಟೋಪಿ, ರಸ್ತೆ ಬದಿಯಲ್ಲಿ ಕಳೆ ಕೀಳುವ ಅಜ್ಜಿಯರಿಗೆ ಕಿವಿ ಮುಚ್ಚುವಂಥ ಟೋಪಿ. ಅದರಲ್ಲೂ ಬೇಸ್‌ಬಾಲ್ ಜನಕ್ಕೆ ಟೋಪಿ ಹುಟ್ಟುವಾಗಲೇ ಬಂದದ್ದೋ ಏನೋ ಎನ್ನಿಸುತ್ತೆ. ಇವರು ಬೇಸ್‌ಬಾಲನ್ನೇ ಉಂಡು ಉಟ್ಟವರು, ಪಕ್ಕದ ಉಡಾನ್ ಅಂಗಡಿಯ ಗೋಡೆಯಲ್ಲಿ ಇವರ ಹಳೇ ಫೋಟೋ ಇತ್ತು. ತಂಡದ ಅಂಗಿ, ಎಡಗೈಯಲ್ಲಿ ಚೆಂಡು, ಕಣ್ಣವರೆಗೂ ಇಳಿದ ಟೋಪಿ. ಒಂದಾನೊಂದು ಕಾಲದಲ್ಲಿ ಸಂಬಳಕ್ಕೆ ಆಡುತ್ತಿದ್ದ ಪ್ರೊಫೆಷನಲ್ ಪಿಚರ್. ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಈಗ ಮಾತ್ರ ಟೋಪಿ ಕಂಡರೆ ಆಗುವುದಿಲ್ಲ.

ಒಂದು ಜುಲೈನಲ್ಲಿ ನೋಡಲಾರದೆ ನಾನೇ ಹೇಳಿದೆ, “ತಲೆ ಸುಟ್ಟುಹೋಗ್ತಿದೆ ತೆಂಚೋ-ಸಾನ್, ಒಂದು ಟೋಪಿ ಹಾಕ್ಕೊಳ್ಳಿ.”

“ಹಾಕ್ಕೊಂಡ್ರೆ ತೆಗೀಬೇಕಾಗುತ್ತೆ, ಓಕುಸಾನ್,” ಅಂದರು.

ಓಕುಸಾನ್ ಎಂದರೆ ಮನೆಯಾಕೆ. ಇಷ್ಟು ವರ್ಷವಾದರೂ ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕುಬಿಟ್ಟೆ. ಅಷ್ಟೇ ಅಲ್ಲ, ಅಧಿಕಪ್ರಸಂಗಿ ನಾನು, ನಮ್ಮ ಕನ್ನಡದಲ್ಲಿ ಟೋಪಿ ಹಾಕೋದು ಅಂದರೆ ಇನ್ನೊಬ್ಬರಿಗೆ ಮೋಸ ಮಾಡೋದು ಎಂದು ಅರ್ಥ ಅಂತ ಕೈ ಬಾಯಿ ಆಡಿಸಿ ವಿವರಿಸಿದೆ. ಅವರಿಗೆ ಬಲು ಖುಷಿಯಾಯಿತು. “ಹಾಗಾದ್ರೆ ನಿಮ್ಮೂರಲ್ಲಿ ನಾನು ಒಳ್ಳೆಯವನು,” ಅಂದರು. ಅಂದವರು ಒಂದು ಕ್ಷಣ ನೆಲ ನೋಡಿ ಪೊರಕೆ ಎತ್ತಿಕೊಂಡು ಹೋದರು.

ಅವರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಗ ನನಗೆ ಅದರಲ್ಲಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಊಹೆ. ಈ ಊಹೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಜಗಳಕ್ಕೆ. ಆಗಷ್ಟೇ ಮೈಸೂರಿನಿಂದ ಬಂದಿದ್ದೆವು. ನಮ್ಮವರು ಕಾರಿನ ಸಾಫ್ಟ್‌ವೇರ್ ಕೆಲಸಕ್ಕೆ ಎಂದು ಬೆಳಗ್ಗೆ ಸಬ್‌ವೇ ಹತ್ತಿದರೆ ಕತ್ತಲಾದ ಮೇಲೇ ಮುಖ ತೋರಿಸುವುದು. ಮಗು ಮಲಗಿಸಿ ಒಂದಿಷ್ಟು ಕಣ್ಣು ಮುಚ್ಚೋಣವೆಂದರೆ ಹಿಂದಿನಿಂದ ಟಕ್, ಟಕ್. ಒಂದು ಮಧ್ಯಾಹ್ನ ಪಿತ್ತ ನೆತ್ತಿಗೇರಿತು, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದೆ. ನನಗೆ ಬರುತ್ತಿದ್ದ ಜಪಾನಿ ಎಂದರೆ ಸುಮಿಮಾಸೆನ್ ಮತ್ತು ಅರಿಗಾತೋ. ‘ಕ್ಷಮಿಸಿ’, ‘ಧನ್ಯವಾದ’ ಎರಡನ್ನೇ ಇಟ್ಟುಕೊಂಡು ಯಾರಾದರೂ ಜಗಳ ಆಡಕ್ಕಾಗುತ್ತಾ? ಜೋರಾಗಿ “ಸುಮಿಮಾಸೆನ್!” ಎಂದೆ. ಅವರು ಸೊಂಟ ಬಗ್ಗಿಸಿ ಒಳಗೆ ಕರೆದರು, ಮಗುವನ್ನು ಉಡಾನ್ ಅಂಗಡಿಯಾಕೆಯ ಕೈಗೆ ಕೊಡಿಸಿದರು, ನನ್ನ ತಲೆಗೆ ಹೆಲ್ಮೆಟ್ ಇಟ್ಟರು, ಕೈಗೆ ಬ್ಯಾಟ್ ಕೊಟ್ಟರು. ನಾನು ಗಿರಾಕಿ ಎಂದುಕೊಂಡಿದ್ದರು, ಪುಣ್ಯಾತ್ಮರು.

ನಾನು ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದವಳು. ಯಂತ್ರ ಚೆಂಡೆಸೆಯಿತು ನೋಡಿ, ಮದುವೆ, ಬಾಣಂತನ, ವೀಸಾ ಎಲ್ಲವೂ ಮರೆತುಹೋಯಿತು. ಮಂಡಿಯೂರಿ ಒಂದು ಸ್ವೀಪ್ ಹೊಡೆದೆ. ಚೆಂಡು ನೆಲಕ್ಕೆ ಅಂಟಿಕೊಂಡು ಬಲೆಯವರೆಗೂ ಓಡಿತು. ಅವರು ಓಡಿ ಬಂದರು. “ಮೇಲೆ, ಮೇಲೆ! ನೆಲಕ್ಕೆ ಹೊಡೆದ್ರೆ ಔಟ್!” ಎಂದು ಆಕಾಶ ತೋರಿಸಿದರು. “ಮೇಲೆ ಹೊಡೆದ್ರೆ ನಮ್ಮ ಕೋಚ್ ಕಿವಿ ಹಿಂಡ್ತಿದ್ರು,” ಎಂದು ನಾನು ನೆಲ ತೋರಿಸಿದೆ. ಆ ವಾದ ಅವತ್ತು ಶುರುವಾದದ್ದು ಅವರು ಹೋಗುವವರೆಗೂ ತೀರ್ಮಾನವಾಗಲಿಲ್ಲ. ಜಗಳಕ್ಕೆ ಬಂದ ವಿಷಯ ಮಾತ್ರ ಮರೆತೇ ಹೋಗಿತ್ತು, ಹೊರಡುವಾಗ ಅರಿಗಾತೋ ಹೇಳಿ ಬಂದೆ.

ಅವರ ಕೆಲಸದ ರೀತಿಯೇ ಒಂದು ವಿಚಿತ್ರ. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಪ್ರತಿ ಯಂತ್ರವನ್ನೂ ಒಂದು ಸಲ ಓಡಿಸಿ, ಚೆಂಡು ಬರುವ ಜಾಗದಲ್ಲಿ ತಾವೇ ಹೋಗಿ ನಿಲ್ಲುತ್ತಿದ್ದರು. ಕೈಯಲ್ಲಿ ಬ್ಯಾಟ್ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ಚೆಂಡು ಮೂಗಿನ ಮುಂದೆ ಸುಯ್ಯೆಂದು ಹೋಗುವುದನ್ನು ನೋಡಿ ತಲೆಯಾಡಿಸಿ ಮುಂದಿನ ಯಂತ್ರಕ್ಕೆ. ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ ನೋಡಿ ಎದೆ ಹಿಡಿದುಕೊಳ್ಳುತ್ತಿದ್ದೆ. ಕೇಳಿದರೆ, “ಗಿರಾಕಿಗೆ ಬೀಳೋದಿದ್ರೆ ಮೊದಲು ನನಗೆ ಬೀಳಲಿ ಅಂತ,” ಅಂದರು. ಸಂಜೆ ಆರಿಸುವಾಗ ಯಂತ್ರದ ತೋಳನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ಏನೋ ಗೊಣಗುತ್ತಿದ್ದರು. “ಇದಕ್ಕೆ ನಿನ್ನೆ ಅನ್ನೋದು ಇಲ್ಲ, ಅದಕ್ಕೇ ಇಷ್ಟು ನೇರವಾಗಿ ಎಸೆಯುತ್ತೆ,” ಎಂದು ಒಮ್ಮೆ ನಮ್ಮವರಿಗೆ ಹೇಳಿದರಂತೆ. ಯಂತ್ರದ ಬಗ್ಗೆ ಇಷ್ಟು ಹೊಟ್ಟೆಕಿಚ್ಚು ಪಡುವ ಮನುಷ್ಯನನ್ನು ನಾನು ನೋಡಿಲ್ಲ ಎಂದರು ನಮ್ಮವರು.

ಇನ್ನೊಂದು. ಅವರು ಚೆಂಡು ಎಸೆಯುತ್ತಿರಲಿಲ್ಲ. ನಿಧಿ ಕೈ ಚಾಚಿ “ತಾತ, ಹಾಕಿ, ಹಾಕಿ” ಎಂದು ಕುಣಿದರೂ ಇಲ್ಲ. ನಡೆದು ಬಂದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿ ಹೋಗುತ್ತಿದ್ದರು. ಪಿಚರ್ ಆಗಿ ಬದುಕಿದವರು ಹೀಗೆ ಚೆಂಡನ್ನು ಪ್ರಸಾದ ಕೊಟ್ಟ ಹಾಗೆ ಕೊಡುವುದು ಏನು ಕಥೆ ಎಂದು ಉಡಾನ್ ಅಂಗಡಿಯಾಕೆಯನ್ನು ಕೇಳಿದೆ. ಆಕೆ ಬಾಯಿಗೆ ಬೆರಳಿಟ್ಟರು. “ಚೆನ್ನಾಗಿ ಆಡ್ತಿದ್ದೋರು. ಒಂದು ದಿನ ಕೈ ನಿಂತುಹೋಯ್ತು. ಆಮೇಲೆ ತಂಡದವರ ಅಭ್ಯಾಸಕ್ಕೆ ಚೆಂಡು ಹಾಕೋ ಕೆಲಸ ಕೊಟ್ರು, ಅದೂ ಆಗ್ಲಿಲ್ಲ. ಕೇಳಬೇಡಿ,” ಅಂದರು. ಕೈಗೆ ಪೆಟ್ಟಾಗಿರಬೇಕು ಎಂದುಕೊಂಡೆ. ನನ್ನ ಊಹೆಗಳು ಯಾವಾಗಲೂ ಹೀಗೇ, ಬಹಳ ಖಾತ್ರಿಯಾಗಿರುತ್ತವೆ.

ಆ ಭೂಕಂಪದ ವರ್ಷ. ನಗೋಯಾದಲ್ಲಿ ನಮಗೆ ತಲೆಸುತ್ತು ಬಂದ ಹಾಗೆ ನಿಧಾನಕ್ಕೆ ತೂಗಿತು, ಅಷ್ಟೇ. ಆದರೆ ಮೈಸೂರಿನಿಂದ ಫೋನು ನಿಲ್ಲಲಿಲ್ಲ. ಟೀವಿಯಲ್ಲಿ ಸಮುದ್ರ ಮನೆಗಳನ್ನು ಎತ್ತಿಕೊಂಡು ಹೋಗುವುದನ್ನು ನೋಡಿ ನಮ್ಮತ್ತೆ, “ಆ ಕೆಲಸವೂ ಬೇಡ, ಆ ದೇಶವೂ ಬೇಡ, ಇದ್ದ ಹಾಗೇ ಹೊರಟು ಬನ್ನಿ” ಎಂದು ಅಳುತ್ತಿದ್ದರು. ತಾತ ಯಂತ್ರಗಳನ್ನೆಲ್ಲ ಆರಿಸಿ ಬಾಗಿಲು ಹಾಕಿಬಿಟ್ಟರು. ದಿನವಿಡೀ ಉಡಾನ್ ಅಂಗಡಿಯಲ್ಲಿ ಟೀವಿ ಮುಂದೆ. ಉತ್ತರದ ಕರಾವಳಿಯ ಒಂದೇ ಒಂದು ಊರಿನ ಹೆಸರು ಬಂದರೆ ಎದ್ದು ನಿಲ್ಲುತ್ತಿದ್ದರು. ಬದುಕಿ ಉಳಿದವರ ಹೆಸರು ಓಡುತ್ತಿದ್ದಾಗ ಒಂದು ಸಂಜೆ ಬಟ್ಟಲು ಕೆಳಗಿಟ್ಟು ಮುಖ ಮುಚ್ಚಿಕೊಂಡರಂತೆ. ಸಂಬಂಧಿಕರು ಯಾರೋ ಸಿಕ್ಕಿರಬೇಕು ಎಂದುಕೊಂಡೆವು. ಮರುದಿನ ಬ್ಯಾಟಿಂಗ್ ಸೆಂಟರಿನ ಬಾಗಿಲು ತೆಗೆಯಿತು.

ಮರುವರ್ಷ ಬೇಸಿಗೆ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ನನಗೆ ಡಬ್ಬಿ ಕಾಫಿ ತಂದುಕೊಟ್ಟು ಎದುರಿಗೆ ಕೂತರು. ಕೂತ ರೀತಿಯೇ ಬೇರೆ ಇತ್ತು, ಮೊಣಕಾಲು ಜೋಡಿಸಿ, ಅದರ ಮೇಲೆ ಕೈ ಇಟ್ಟುಕೊಂಡು.

“ಓಕುಸಾನ್, ನೀವೂ ಚೆಂಡಿನ ಜನ. ಅದಕ್ಕೆ ಕೇಳ್ತೀನಿ,” ಅಂದರು. ಆಮೇಲೆ ತಡೆತಡೆದು ಬಹಳ ಹೊತ್ತು ಮಾತಾಡಿದರು. ನನಗೆ ದಕ್ಕಿದ್ದು ಇಷ್ಟು. ಬಹಳ ಹಿಂದೆ ಒಬ್ಬ ಆಟಗಾರನಿಗೆ ತಾನು ‘ಡೆಡ್ ಬಾಲ್’ ಹಾಕಿದೆ. ಅವನು ಈಗ ಆ ಉತ್ತರದ ಊರಿನಲ್ಲಿ, ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ಶೆಡ್ಡಿನಲ್ಲಿ ಇದ್ದಾನೆ. ಹಳೇ ಆಟಗಾರರೆಲ್ಲ ಸೇರಿ ಆ ಊರಿನ ಮಕ್ಕಳ ಜೊತೆ ಆಡಲು ಹೋಗುತ್ತಿದ್ದಾರೆ, ತನ್ನನ್ನೂ ಕರೆದಿದ್ದಾರೆ. ಹೋಗಲೇ, ಬೇಡವೇ?

ಅಯ್ಯೋ, ಇಷ್ಟೇನಾ ಎನ್ನಿಸಿತು. ಅಷ್ಟೆಲ್ಲ ಜಪಾನಿ ಮಾತಿನ ನಡುವೆ ಡೆಡ್ ಬಾಲ್ ಎನ್ನುವುದೊಂದೇ ನನಗೆ ಕನ್ನಡದಷ್ಟು ಚೆನ್ನಾಗಿ ಗೊತ್ತಿದ್ದ ಪದ. ಕ್ರಿಕೆಟ್ಟಿನಲ್ಲಿ ಡೆಡ್ ಬಾಲ್ ಎಂದರೆ ಲೆಕ್ಕಕ್ಕಿಲ್ಲದ ಚೆಂಡು. ಅಂಪೈರ್ ಕೈ ಅಡ್ಡ ಮಾಡಿದರೆ ಮುಗೀತು, ರನ್ನೂ ಇಲ್ಲ, ಔಟೂ ಇಲ್ಲ. ಈ ಜನ ರೈಲು ಒಂದು ಗಳಿಗೆ ತಡವಾದರೂ ಮೈಕ್ ಹಿಡಿದು ಕ್ಷಮೆ ಕೇಳುತ್ತಾರೆ, ಇವರು ಯಾವ ಕಾಲದ್ದೋ ಒಂದು ಕ್ಯಾನ್ಸಲ್ ಆದ ಚೆಂಡಿಗೆ ಇನ್ನೂ ಕೊರಗುತ್ತಿದ್ದಾರಲ್ಲ ಎಂದು ಮರುಕವೂ ಬಂತು, ನಗುವೂ ಬಂತು.

ಎದ್ದು ನಿಂತು, ಅಂಪೈರ್ ಹಾಗೇ ಎರಡೂ ಕೈಯನ್ನು ಸೊಂಟದ ಕೆಳಗೆ ಅಡ್ಡಡ್ಡ ಆಡಿಸಿ ತೋರಿಸಿದೆ. “ಡೆಡ್ ಬಾಲ್ ತಾನೇ? ದೈಜೋಬು! ಏನೂ ತೊಂದರೆ ಇಲ್ಲ! ನಮ್ಮ ಆಟದಲ್ಲಿ ಡೆಡ್ ಬಾಲ್ ಅಂದ್ರೆ ಆಗ್ಲೇ ಇಲ್ಲ ಅಂತ. ಮರ್ತುಬಿಡಿ!”

“ಆಗ್ಲೇ ಇಲ್ಲ ಅಂತಾನಾ?”

“ಆಗ್ಲೇ ಇಲ್ಲ ಅಂತ.”

ಅವರು ಮೊಣಕಾಲ ಮೇಲಿನ ಕೈ ತೆಗೆದರು. ಆಮೇಲೆ ನಕ್ಕರು. ಅಷ್ಟು ಅಗಲವಾಗಿ ಅವರು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. ನಾನೂ ಬೀಗಿದೆ. ಮನೆಗೆ ಬಂದು ನಮ್ಮವರಿಗೆ, “ಪಾಪ, ತಾತನ ತಲೆಭಾರ ಒಂದು ಇಳಿಸಿ ಬಂದೆ” ಎಂದು ಕೊಚ್ಚಿಕೊಂಡೆ. ತಾತ ಆ ಬೇಸಿಗೆ ಉತ್ತರಕ್ಕೆ ಹೋಗಲಿಲ್ಲ.

ಅದಾಗಿ ಮುಂದಿನ ವಸಂತ. ನಾನು ದೋಸೆ ಹುಯ್ಯುತ್ತಿದ್ದೆ. ನಿಧಿ ಶಾಲೆಯಿಂದ ಭುಜಕ್ಕೆ ಐಸ್ ಕಟ್ಟಿಸಿಕೊಂಡು ಬಂದಳು.

“ಏನಾಯ್ತೇ?”

“ಸಾಫ್ಟ್‌ಬಾಲ್‌ನಲ್ಲಿ ಡೆಡ್ ಬಾಲ್.”

“ಡೆಡ್ ಬಾಲ್ ಆದ್ರೆ ಐಸ್ ಯಾಕೆ? ಅದು ಲೆಕ್ಕಕ್ಕೇ ಇಲ್ವಲ್ಲ.”

ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. “ಅಮ್ಮಾ, ಡೆಡ್ ಬಾಲ್ ಅಂದ್ರೆ ಚೆಂಡು ಮೈಗೆ ಹೊಡೆಯೋದು! ಪಿಚರ್ ತಪ್ಪು ಅದು. ಆ ಹುಡುಗಿ ಟೋಪಿ ತೆಗೆದು ಬಗ್ಗಿ ಸಾರಿ ಹೇಳಿದ್ಲು. ಸೋ, ಓಕೆ.”

“ಟೋಪಿ ಯಾಕೆ ತೆಗೆದ್ಲು?”

“ತೆಗೀಲೇಬೇಕು. ಎಲ್ರೂ ತೆಗೀತಾರೆ. ಟೀವೀಲೂ ತೆಗೀತಾರೆ.”

ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. ಹಾಕ್ಕೊಂಡ್ರೆ ತೆಗೀಬೇಕಾಗುತ್ತೆ, ಓಕುಸಾನ್. ಅಯ್ಯೋ ಶಿವನೇ, ನಾನು ಏನು ಹೇಳಿಬಿಟ್ಟೆ ಆ ಮನುಷ್ಯನಿಗೆ! ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ, ನಿಧಿಯ ಇನ್ನೊಂದು ಭುಜ ಹಿಡಿದು ಎಳೆದುಕೊಂಡು ಓಡಿದೆ. ಇನ್ನು ನನ್ನ ಊಹೆಯನ್ನು ನಂಬುವ ಧೈರ್ಯ ಇರಲಿಲ್ಲ, ಮಾತು ಮಾತಿಗೂ ಅವಳು ಅರ್ಥ ಹೇಳಬೇಕಿತ್ತು.

ಅವರು ಚೆಂಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೂತಿದ್ದರು. ನಾನು ಸುಮಿಮಾಸೆನ್, ಸುಮಿಮಾಸೆನ್ ಎಂದೆ. ಈ ಸಲ ಆ ಪದದ ಅರ್ಥದಲ್ಲೇ ಹೇಳಿದೆ. ನನಗೆ ತಪ್ಪು ತಿಳಿದಿತ್ತು, ನಿಮ್ಮ ಡೆಡ್ ಬಾಲ್ ಬೇರೆ, ನಮ್ಮದು ಬೇರೆ ಎಂದೆ. ಅವರು ಬಟ್ಟೆ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದರು.

ಚೆಂಡು ಜಾರಿತಂತೆ. ಬ್ಯಾಟು ಹಿಡಿದವನ ತಲೆಗೆ, ಕಣ್ಣಿನ ಪಕ್ಕಕ್ಕೆ ಬಿತ್ತು. ಅವನು ಬಿದ್ದ, ಏಳಲಿಲ್ಲ. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. “ನಾನು ಟೋಪಿ ತೆಗೀಬೇಕಿತ್ತು. ಎಳೇ ಮಕ್ಕಳಿಗೂ ಗೊತ್ತಿರೋ ವಿಷಯ. ಕೈ ಮೇಲಕ್ಕೆ ಏಳ್ಲಿಲ್ಲ. ಸುಮ್ನೆ ನಿಂತಿದ್ದೆ, ಟೋಪಿ ಹಾಕ್ಕೊಂಡು, ಕಂಬದ ಹಾಗೆ. ಅವನನ್ನ ಎತ್ಕೊಂಡು ಹೋದ್ರು, ಆಗಲೂ ಟೋಪಿ ತಲೆ ಮೇಲೇ ಇತ್ತು.” ಅವನಿಗೆ ಒಂದು ಕಣ್ಣು ಮಂಜಾಯಿತು, ಮತ್ತೆ ಆಡಲಾಗಲಿಲ್ಲ, ಊರಿಗೆ ಹೋಗಿ ಅಪ್ಪನ ದೋಣಿ ಹತ್ತಿದ. ಅವನ ತಾಯಿ ಅವತ್ತು ಟೀವಿಯಲ್ಲಿ ನೋಡುತ್ತಿದ್ದರಂತೆ. ಆಕೆ ಹೇಳಿದ ಮಾತನ್ನು ಯಾರೋ ತಂದು ಇವರ ಕಿವಿಗೆ ಹಾಕಿದರು. ‘ಚೆಂಡು ಜಾರುತ್ತೆ, ಅದು ನನಗೂ ಗೊತ್ತು. ಟೋಪಿ ಏನು ತಲೆಗೆ ಅಂಟಿಕೊಂಡಿತ್ತಾ?’

“ನಾನು ಆ ಚೆಂಡು ಹಾಕದೇ ಇದ್ದಿದ್ರೆ ಅವನು ಆ ಊರಿಗೆ ವಾಪಸ್ ಹೋಗ್ತಿರ್ಲಿಲ್ಲ. ಸಮುದ್ರ ಅವನ ಮನೆ ತಗೊಂಡು ಹೋಗ್ತಿರ್ಲಿಲ್ಲ,” ಅಂದರು. ಇದನ್ನು ಅರ್ಥ ಹೇಳುವಾಗ ನಿಧಿಯ ಧ್ವನಿ ಸಣ್ಣದಾಯಿತು.

“ನಾನು ನಿಮ್ಮನ್ನ ಹೋಗೋಕೆ ಬಿಡ್ಲಿಲ್ಲ,” ಎಂದೆ.

“ಇಲ್ಲ. ಅದೇ ಶನಿವಾರ ನಿಮ್ಮ ಯಜಮಾನ್ರನ್ನ ಕೇಳ್ದೆ, ಕ್ರಿಕೆಟ್ಟಲ್ಲಿ ಡೆಡ್ ಬಾಲ್ ಅಂದ್ರೇನು ಅಂತ. ವಿವರವಾಗಿ ಹೇಳಿದ್ರು. ನಿಮಗೆ ತಪ್ಪು ತಿಳಿದಿದೆ ಅಂತ ಅವತ್ತೇ ಗೊತ್ತಾಯ್ತು. ಆದ್ರೆ ಆ ಮಾತು ಇಷ್ಟ ಆಯ್ತು ನನಗೆ. ಆಗ್ಲೇ ಇಲ್ಲ ಅಂತ. ಯಾರೂ ಹಾಗೆ ಹೇಳಿರ್ಲಿಲ್ಲ. ಇಟ್ಕೊಂಡ್ಬಿಟ್ಟೆ.” ಮತ್ತೆ ಬಟ್ಟೆ ಕೈಗೆತ್ತಿಕೊಂಡು, “ನನ್ನ ಪಾಲಿನದನ್ನ ನೀವು ತಗೋಬೇಡಿ, ಓಕುಸಾನ್,” ಅಂದರು.

ಒಳ್ಳೆ ಮಾತೇ. ಆದರೆ ನನ್ನ ಪಾಲು ನನ್ನದಿತ್ತಲ್ಲ. ಗೊತ್ತಿಲ್ಲದೆ ಆಡಿದ್ದೇ ಇರಬಹುದು, ಆದರೂ ಟೋಪಿ ಹಾಕಿದವಳು ನಾನು. ಬೋಳುತಲೆಯಲ್ಲಿ ಅಷ್ಟು ವರ್ಷ ಬಿಸಿಲು ತಿಂದ ಮನುಷ್ಯನಿಗೆ ಒಂದೇ ಮಧ್ಯಾಹ್ನದಲ್ಲಿ ಹಾಕಿ ಕಳಿಸಿದ್ದೆ.

“ಏಳಿ, ಹೋಗೋಣ. ನಾನೂ ಬರ್ತೀನಿ,” ಎಂದೆ.

ಮೇ ತಿಂಗಳ ರಜೆಯಲ್ಲಿ ಹೊರಟೆವು. ಅವರು, ನಾನು, ಮಾತಿಗೆ ಬೇಕೆಂದು ನಿಧಿ. ನಮ್ಮವರು, “ನೀನ್ಯಾಕೆ ನಡುವೆ?” ಎಂದು ಕೇಳಿ, ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಟೋಕಿಯೋದಲ್ಲಿ ರೈಲು ಬದಲಿಸಿ ಉತ್ತರಕ್ಕೆ, ಅಲ್ಲಿಂದ ಬಸ್ಸು. ನಾನು ಪುಳಿಯೋಗರೆ ಕಟ್ಟಿಕೊಂಡಿದ್ದೆ. ಅವರು ಖಾರಕ್ಕೆ ತಲೆಯ ಬೆವರು ಒರೆಸಿಕೊಳ್ಳುತ್ತಾ ಒಂದಗುಳು ಬಿಡದೆ ತಿಂದರು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದ್ದು. “ಅವನ ತಾಯಿ ಬಾಗಿಲು ತೆಗೆದ್ರೆ ಮೊದಲು ಏನು ಹೇಳ್ಬೇಕು?” ಆಕೆಯ ಹೆಸರನ್ನೂ ಅವರು ಆ ಸಂಜೆ ಟೀವಿಯಲ್ಲಿ, ಮಗನ ಹೆಸರಿನ ಕೆಳಗೇ ನೋಡಿದ್ದರಂತೆ. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಹೇಳಿದ್ದು ಸಾಕಾಗಿತ್ತು ನನಗೆ.

ಬಸ್ಸು ಇಳಿದಾಗ ಊರು ಇರಬೇಕಾದ ಜಾಗದಲ್ಲಿ ಬರೀ ಹುಲ್ಲು, ಮನೆಗಳ ಅಡಿಪಾಯ, ಆಚೆಗೆ ಸಮುದ್ರ. ಶೆಡ್ಡುಗಳು ಎತ್ತರದಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಸಾಲಾಗಿದ್ದವು. ಬಿಸಿಲು ಚುರುಕಾಗಿತ್ತು. ನಾನು ನನ್ನ ಹಳೇ ಕಾಲೇಜಿನ ಕ್ರಿಕೆಟ್ ಟೋಪಿ ಹಾಕಿಕೊಂಡೆ. ಬಣ್ಣ ಹೋಗಿ ಅಂಚು ಹರಿದದ್ದು, ಆದರೂ ಬಿಸಾಡಲು ಮನಸ್ಸು ಬರದೆ ಮೈಸೂರಿನಿಂದ ತಂದದ್ದು.

ಬಾಗಿಲು ತೆಗೆದದ್ದು ಮಗನೇ. ದೊಡ್ಡಾಳು, ಒಂದು ಕಣ್ಣು ಹಾಲಿನ ಬಣ್ಣ. ಇವರನ್ನು ಮೇಲಿಂದ ಕೆಳಗೆ ನೋಡಿ, “ಬಂದ್ಯಾ?” ಎಂದರು, ನಿನ್ನೆ ಬಿಟ್ಟು ಹೋದವನನ್ನು ಕೇಳುವ ಹಾಗೆ. ತಾತ ಅಲ್ಲೇ ಹೊಸ್ತಿಲಲ್ಲಿ ನೆಲಕ್ಕೆ ಹಣೆ ಮುಟ್ಟಿಸಿಬಿಟ್ಟರು. ಆತ ರಟ್ಟೆ ಹಿಡಿದು ಎಬ್ಬಿಸಿ, “ನನಗೇನಪ್ಪಾ, ನಾನು ಮೀನು ಹಿಡ್ಕೊಂಡು ಚೆನ್ನಾಗೇ ಇದ್ದೆ. ಒಳಗೆ ಬಾ. ಅಮ್ಮನಿಗೆ ಹೇಳು,” ಎಂದರು.

ಒಳಗೆ ಗೋಡೆಗೆ ಸಣ್ಣ ಪೂಜೆಯ ಕಪಾಟು. ಅದರಲ್ಲಿ ಒಬ್ಬ ಮುದುಕಿಯ ಫೋಟೋ, ಮುಂದೆ ಊದುಬತ್ತಿಯ ಬೂದಿ.

“ಹಿಮ ಬೀಳೋಕೆ ಶುರುವಾದಾಗ ಹೋದ್ಲು,” ಎಂದರು ಆತ. “ಸಮುದ್ರದಿಂದ ತಪ್ಪಿಸ್ಕೊಂಡ್ಲು, ಚಳಿಯಿಂದ ಆಗ್ಲಿಲ್ಲ. ಹೋದ ಬೇಸಿಗೇಲಿ ಹಳೇ ಆಟಗಾರರೆಲ್ಲ ಬಂದಿದ್ರಲ್ಲ, ಅವತ್ತು ಬೆಳಗ್ಗಿಂದ ಸ್ಟೂಲು ಹಾಕ್ಕೊಂಡು ಹೊರಗೇ ಕೂತಿದ್ಲು. ಆ ಟೋಪಿ ಹುಡುಗನೂ ಬರ್ತಾನಾ ಅಂತ. ಬಸ್ಸು ವಾಪಸ್ ಹೋದ ಮೇಲೇ ಒಳಗೆ ಬಂದಿದ್ದು.”

ನಿಧಿ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು. ಅವಳ ಕನ್ನಡ ಚಿಕ್ಕದು, ಹಾಗಾಗಿ ಮಾತೂ ಚಿಕ್ಕದಾಗಿತ್ತು. “ಅಜ್ಜಿ ಹೊರಗೆ ಕೂತು ಕಾದ್ರಂತೆ ಅಮ್ಮಾ. ಲಾಸ್ಟ್ ಸಮ್ಮರ್.” ಲಾಸ್ಟ್ ಸಮ್ಮರ್ ನಾನು ಡಬ್ಬಿ ಕಾಫಿ ಕುಡಿಯುತ್ತಾ ಕೈ ಅಡ್ಡ ಆಡಿಸುತ್ತಿದ್ದೆ. ಆಗಲೇ ಇಲ್ಲ ಅಂತ, ಮರ್ತುಬಿಡಿ ಅಂತ. ತಾತ ನನ್ನ ಕಡೆ ತಿರುಗಿ ನೋಡುತ್ತಾರೆ ಎಂದುಕೊಂಡೆ. ನೋಡಲಿಲ್ಲ. ಯಾಕೆ ಬರಲಿಲ್ಲ ಎಂದು ಆತ ಕೇಳಿದಾಗಲೂ, “ನನಗೆ ಧೈರ್ಯ ಆಗ್ಲಿಲ್ಲ” ಎಂದರು, ಅಷ್ಟೇ.

ಕಪಾಟಿನ ಮುಂದೆ ಮಂಡಿಯೂರಿದವರು ಎಷ್ಟು ಹೊತ್ತಾದರೂ ಕೈ ಮುಗಿಯಲಿಲ್ಲ. ಆಮೇಲೆ ನನ್ನ ಕಡೆ ಕೈ ಚಾಚಿದರು.

“ಓಕುಸಾನ್, ಆ ಟೋಪಿ ಒಂದು ನಿಮಿಷ ಕೊಡ್ತೀರಾ?”

ಕೊಟ್ಟೆ. ನನ್ನ ಟೋಪಿ, ಅವರ ತಲೆಗೆ ಎಲ್ಲಿ ಕೂರಬೇಕು. ಒತ್ತಿ ಇಳಿಸಿದರೂ ನೆತ್ತಿಯ ಮೇಲೆ ಇಡ್ಲಿ ಇಟ್ಟ ಹಾಗೆ ನಿಂತಿತು. ಬೇರೆ ಯಾವಾಗಲಾದರೂ ಆಗಿದ್ದರೆ ನಿಧಿ ಉರುಳಾಡಿ ನಗುತ್ತಿದ್ದಳು. ಅವರು ಎದ್ದು ನಿಂತರು. ಬೆನ್ನು ನೇರ ಮಾಡಿದರು. ಆ ಫೋಟೋವನ್ನೇ ನೋಡುತ್ತಾ ಎಡಗೈ ಮೇಲೆತ್ತಿ ಟೋಪಿ ತೆಗೆದು, ಎದೆಗೊತ್ತಿ, ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಬೋಳುತಲೆಯ ಮೇಲೆ ನನ್ನ ಟೋಪಿಯ ಎಲಾಸ್ಟಿಕ್ಕಿನ ಗೆರೆ ಮೂಡಿತ್ತು.

ಆ ಮಗ ಹಿಂದೆ ನಿಂತು ಮೂಗು ಒರೆಸಿಕೊಂಡರು. ಆಮೇಲೆ, “ಅದು ಯಾವ ತಂಡದ ಟೋಪಿನೋ?” ಎಂದರು.

“ಇಂಡಿಯಾದ್ದು,” ಎಂದರು ತಾತ, ಬಗ್ಗಿಕೊಂಡೇ.

“ಅಮ್ಮ ಇದ್ದಿದ್ರೆ ನಿನಗೆ ಸ್ವಂತ ಟೋಪಿ ಇಲ್ವೇನೋ ಅಂತ ಬಯ್ತಿದ್ಲು,” ಎಂದರು ಆತ. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ನನಗೆ ಎರಡೂ ಬರಲಿಲ್ಲ. ಆಕೆ ಇದ್ದಿದ್ದರೆ ಎನ್ನುವ ಒಂದು ಮಾತು ಸಾಕಾಗಿತ್ತು. ಆಕೆ ಕೂತಿದ್ದ ಸ್ಟೂಲು ಇನ್ನೂ ಬಾಗಿಲ ಹೊರಗೇ ಇತ್ತು, ಹೊರಡುವಾಗ ಅದರ ಪಕ್ಕದಲ್ಲೇ ಕೂತು ಚಪ್ಪಲಿ ಹಾಕಿಕೊಂಡೆ. ಅದರ ಮೇಲೆ ಕೂರುವ ಧೈರ್ಯವಾಗಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಅವರೇನೂ ಬದಲಾಗಲಿಲ್ಲ. ಕೊನೆಯವರೆಗೂ ಚೆಂಡನ್ನು ನಡೆದು ಬಂದು ಕೈಯಲ್ಲೇ ಇಟ್ಟರು, ಬೆಳಗ್ಗೆ ಯಂತ್ರದ ಮುಂದೆ ಬರಿತಲೆಯಲ್ಲೇ ನಿಂತರು. ಉತ್ತರದ ಊರಿನ ಆತ ಮಾತ್ರ ಪ್ರತಿ ಚಳಿಗಾಲ ಡಬ್ಬಿಯಲ್ಲಿ ಒಣಮೀನು ಕಳಿಸುತ್ತಿದ್ದರು, ತಾತ ಮೀನು ತಿನ್ನದ ನಮಗೂ ಒಂದು ಪಾಲು ತಂದುಕೊಡುತ್ತಿದ್ದರು. ನಾನು ಅದನ್ನು ಉಡಾನ್ ಅಂಗಡಿಯಾಕೆಗೆ ದಾಟಿಸುತ್ತಿದ್ದೆ. ಆ ಬೇಸಿಗೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಅವರು ಬಯ್ಯಲಿಲ್ಲ, ನಾನು ಕೇಳಲೂ ಇಲ್ಲ.

ಸುದ್ದಿ ತಿಳಿದು ನಿಧಿ ಹಿರೋಷಿಮಾದ ಹಾಸ್ಟೆಲಿನಿಂದ ಫೋನ್ ಮಾಡಿದಳು. “ಅಮ್ಮಾ, ತಾತ ಯಾವತ್ತಾದ್ರೂ ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ರಾ?” ಎಂದಳು. ಅವಳಿಗೂ ಅದೇ ನೆನಪಾಗಿತ್ತು ಎಂದಾಯಿತು. ಇಲ್ಲ ಕಣೇ ಎಂದೆ. “ಹಾಗಾದ್ರೆ ಅಳ್ಬೇಡ,” ಎಂದಳು. ಅವಳಿಗೆ ಹೇಗೆ ಹೇಳಲಿ, ಅದಕ್ಕೇ ಅಳು ಬರುವುದು ಎಂದು.

ಅಂತಿಮ ದರ್ಶನಕ್ಕೆ ಹೊರಟಾಗ ಕಪ್ಪು ಬಟ್ಟೆ ಹಾಕಿಕೊಂಡು, ಬೀರುವಿನ ತಳದಿಂದ ಆ ಟೋಪಿ ತೆಗೆದೆ. ಇನ್ನಷ್ಟು ಹರಿದಿತ್ತು. ಕನ್ನಡಿ ನೋಡಿ ಸರಿಯಾಗಿ ತಲೆಗೆ ಕೂರಿಸಿಕೊಂಡೆ. ಬಾಗಿಲಲ್ಲಿ ಕಾಯುತ್ತಿದ್ದ ನಮ್ಮವರಿಗೆ ಗಾಬರಿಯಾಯಿತು.

“ಏನೇ ಇದು? ಸಾವಿನ ಮನೆಗೆ ಯಾರಾದ್ರೂ ಟೋಪಿ ಹಾಕ್ಕೊಂಡು ಹೋಗ್ತಾರಾ?”

“ಹಾಕ್ಕೊಂಡ್ರೆ ತಾನೇ ರೀ,” ಎಂದೆ, “ಅವರ ಮುಂದೆ ತೆಗೆಯೋಕಾಗೋದು.”